ಒಳಗಿನ ಡಬ್ಬಿಗಳು

ಗಂಡನ ಮರಣ ಪ್ರಮಾಣಪತ್ರಕ್ಕಾಗಿ ಟೋಕನ್ ಹಿಡಿದು ಕೂತಿದ್ದೆ. ಸರದಿ ತೋರಿಸುವ ಪರದೆ ನಿಂತುಹೋಗಿತ್ತು. ಅದರ ಪ್ರೋಗ್ರಾಂ ಬರೆದ ಹುಡುಗಿಯೂ ಅವಳ ಮೇಲಧಿಕಾರಿಯೂ ಬಂದು ನನ್ನ ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದರು.

“ಮೆಮೊರಿ ಪೂರ್ತಿ ತುಂಬಿದೆಯಲ್ಲ ತಾಯಿ! ಮುಗಿದ ಅರ್ಜಿಗಳನ್ನ ಅಳಿಸ್ತಿಲ್ವಾ?”

“ಅಳಿಸ್ತಿದೀನಿ ಸರ್.”

“ಒಂದೊಂದು ಅರ್ಜೀನೂ ಡಬ್ಬಿಯೊಳಗೆ ಡಬ್ಬಿ ಇದ್ದ ಹಾಗೆ. ಯಾವುದನ್ನ ಮೊದಲು ಬಿಸಾಕ್ತೀಯ?”

“ಹೊರಗಿನದನ್ನ.”

“ಒಳಗಿನವು ಎಲ್ಲಿವೆ ಅನ್ನೋ ವಿಳಾಸ ಇದ್ದದ್ದೇ ಅದರಲ್ಲಿ ಕಣಮ್ಮ!”

“ಹೊರಗಿನದು ಹೋದ್ರೆ ಒಳಗಿನವೂ ಹೋಗ್ತವೆ ಅಂದ್ಕೊಂಡೆ.”

“ಎಲ್ಲಿಗೆ ಹೋಗ್ತವೆ? ಜಾಗ ಹಿಡ್ಕೊಂಡು ಅಲ್ಲೇ ಕೂತಿರ್ತವೆ. ಕೇಳೋರಿಲ್ಲ, ಅಷ್ಟೇ.”

“ಈಗ ಹುಡುಕೋಕಾಗಲ್ವಾ?”

“ಆಗಲ್ಲ. ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡ್ಬೇಕು.”

“ಇವರೆಲ್ಲರ ಸರದೀನೂ ಅಳಿಸಿಹೋಗುತ್ತೆ ಸರ್. ಬೆಳಗಿಂದ ಕೂತಿದಾರೆ.”

“ಗೊತ್ತು. ನೀನು ಹೇಳ್ತೀಯಾ, ನಾನು ಹೇಳ್ಲಾ?”

ಹುಡುಗಿ ತುಂಬಿದ ಕುರ್ಚಿಗಳ ಕಡೆ ನೋಡಿದಳು.

“ನೀವೇ ಹೇಳಿ ಸರ್.”

“ಬಾ, ಬೈಗುಳ ಇಬ್ಬರೂ ಹಂಚ್ಕೊಳ್ಳೋಣ.”

ಇಬ್ಬರೂ ಎದ್ದು ಕೌಂಟರಿನ ಕಡೆ ಹೋದರು. ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಯಿತು. ಎಲ್ಲರೂ ಹೊಸ ಟೋಕನ್‌ಗಾಗಿ ಬಾಗಿಲ ಕಡೆ ನುಗ್ಗಿದರು. ನಾನು ಮಾತ್ರ ಜಾಗ ಹಿಡಿದುಕೊಂಡು ಅಲ್ಲೇ ಕೂತಿದ್ದೆ.