ಚಾಪೆ ಮೇಲೆ ಕೂತ ಫೈಲು

...ಅದನ್ನೇ ಅಲ್ವೇನೇ ನಾನೂ ಹೇಳ್ತಿರೋದು! ಮನೇಲಿ ಉಂಡ ತಟ್ಟೆ ತೊಳೆಯೋಳಲ್ಲ ನೀನು, ಇಲ್ಲಿ ನೀನು ಬರೆದ ಟೆಸ್ಟ್ ಪ್ರೋಗ್ರಾಂ ಓಡಿ ಮುಗಿದ ಮೇಲೆ ಅದು ಮಾಡಿದ ತಾತ್ಕಾಲಿಕ ಫೋಲ್ಡರ್ ಅಳಿಸ್ತೀಯಾ? ಯಾಕೆ ಹಾಗೆ ಗುರಾಯಿಸ್ತೀಯಾ? ಮನೇಲಿ ನಾದಿನಿ ಅಂತ ಸುಮ್ಮನಿರ್ತೀನಿ. ಆಫೀಸಲ್ಲಿ ನಾನು ಅತ್ತಿಗೆ ಅಲ್ಲ ತಾಯಿ, ಸಾಫ್ಟ್‌ವೇರ್ ಟೆಸ್ಟಿಂಗ್ ವಿಭಾಗದ ಮುಖ್ಯಸ್ಥೆ!

ನಿನ್ನೆ ಅಳಿಸದ ಫೋಲ್ಡರ್‌ಗಳಿಂದ ಡಿಸ್ಕ್ ತುಂಬಿ ಮಷೀನ್ ಉಸಿರುಕಟ್ಟಿ ನಿಂತಿತಂತೆ. ನೀನು ಕೆಲಸಕ್ಕೆ ಸೇರೋಕೆ ಮುಂಚೆ ಯಾವತ್ತಾದ್ರೂ ತುಂಬಿತ್ತಾ? ಈಗ ಸಾಹೇಬರು ಬಂದು ಯಾರ ಟೆಸ್ಟು ಅಂತ ಕೇಳ್ತಾರೆ. 'ನಂದೇ, ತಪ್ಪಾಯ್ತು' ಅಂದುಬಿಡು. ನಿನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ, ಗೊತ್ತು... ನಾನಿದೀನಲ್ಲ, ನೋಡ್ಕೋತೀನಿ. ಏನು? ತಲೆ ಅಲ್ಲಾಡಿಸ್ತೀಯಾ?

ನಂದಾ? ನನ್ನ ಟೆಸ್ಟಾ! ಕಾಲೇಜು ಮೆಟ್ಟಿಲು ಹತ್ತಿದೋಳಲ್ಲ ನಾನು. ಈ ಆಫೀಸಿನ ಬಾಗಿಲಲ್ಲೇ ಕೂತು, ಫೋನ್ ಎತ್ತುತ್ತಾ, ಪುಸ್ತಕ ಓದಿ ಕಲಿತೋಳು. ನನ್ನ ಟೆಸ್ಟ್ ಫೋಲ್ಡರ್ ಮಾಡುತ್ತೆ, ಫೈಲ್ ತೆರೆಯುತ್ತೆ, ಪರೀಕ್ಷೆ ಮಾಡುತ್ತೆ. ಕೊನೇ ಸಾಲಲ್ಲಿ ಫೈಲ್ ಮುಚ್ಚಿ ಫೋಲ್ಡರ್ ಅಳಿಸುತ್ತೆ. ಆ ಕೊನೇ ಸಾಲು ನೋಡು, ಕಣ್ಣಿಗೊತ್ಕೋಬೇಕು!

ನಗು ಯಾಕೆ ಬಂತು? ಹೂಂ, ನಡುವೆ ಟೆಸ್ಟ್ ಫೇಲಾದ್ರೆ ಕೊನೇ ಸಾಲಿಗೆ ಹೋಗೋದೇ ಇಲ್ಲ. ಗೊತ್ತು! ಊಟದ ಮಧ್ಯೆ ಜಗಳ ಆಡಿ ಎದ್ದುಹೋದೋರು ತಟ್ಟೆ ಎತ್ತಿಡ್ತಾರಾ? 'ಪಾಸಾಗಲಿ ಫೇಲಾಗಲಿ, ಗುಡಿಸೋ ಕೆಲಸ ನಡೆಯೋ ಹಾಗೆ ಬೇರೆ ಬರೀಬೇಕು ಅತ್ತಿಗೆ' ಅಂತ ನೀನಂದಾಗ ನಾನು ನಕ್ಕೆ. ನಿಜ. ಆದರೆ ನನ್ನ ಟೆಸ್ಟ್ ಬಿಟ್ಟುಹೋದ ಫೋಲ್ಡರ್ ಒಂದಾದ್ರೂ ಈ ಮಷೀನಲ್ಲಿ ಯಾರಾದ್ರೂ ಕಂಡಿದಾರಾ? ಒಂದಾದ್ರೂ?

ಸರಿ, ಸ್ವಲ್ಪ ಆ ಕಡೆ ಸರಿ. ಉಳಿದಿರೋ ಈ ಫೋಲ್ಡರೆಲ್ಲ ನಾನೇ ಅಳಿಸ್ತೀನಿ... ನೋಡು, 'ಫೈಲ್ ಬಳಕೆಯಲ್ಲಿದೆ, ಅಳಿಸಲಾಗದು' ಅಂತೆ. ಫೈಲ್ ಮುಚ್ಚದೆ ಹೋದ್ರೆ ಇದೇ ಗತಿ. ಚಾಪೆ ಮೇಲೆ ಕೂತೋರನ್ನ ಎಬ್ಬಿಸದೆ ಚಾಪೆ ಸುತ್ತೋಕಾಗುತ್ತಾ? ಮೊದಲು ಫೈಲ್ ಹಿಡ್ಕೊಂಡಿರೋ ಪ್ರೋಗ್ರಾಂ ನಿಲ್ಲಿಸು, ಆಮೇಲೆ ಫೋಲ್ಡರ್ ಅಳಿಸು. ಹೀಗೆ... ಹೀಗೆ... ಹೀಗೆ! ಹೆಂಗಿದೆ ಕೈ? ದಿನಾ ಬೆಳಿಗ್ಗೆ ಮಾಡಿ ಮಾಡಿ...

...ಏನಿಲ್ಲ.

ಏನೂ ಅನ್ನಲಿಲ್ಲ ನಾನು! ನೀನ್ಯಾಕೆ ಆ ಕಡೆ ತಿರುಗಿದೆ? ಗೋಡೆ ಮೇಲಿನ ಕ್ಯಾಲೆಂಡರಲ್ಲಿ ಏನಿದೆ? ಹೌದು, ಮೊನ್ನೆ, ನಿನ್ನೆ ನಾನು ರಜ. ಜ್ವರ ಬಂದಿತ್ತು. ನೀನೇ ಗಂಜಿ ಕೊಟ್ಯಲ್ಲ! ಜ್ವರ ಬರಬಾರದಾ ಮನುಷ್ಯರಿಗೆ? ದಿನಾ ಎಲ್ಲರಿಗಿಂತ ಮುಂಚೆ ಆಫೀಸಿಗೆ ಯಾಕೆ ಓಡ್ತೀಯಾ ಅಂತ ನಿಮ್ಮಣ್ಣನೂ ಕೇಳ್ತಾರೆ, ನೀನೂ ಹಾಗೇ ನೋಡು... ಬೈಯೇ! ನಗೋದಾದ್ರೂ ನಗೇ! ಹೀಗೆ ಕ್ಯಾಲೆಂಡರ್ ನೋಡಿ ದಿನ ಎಣಿಸ್ತಾ ಕೂರಬೇಡ...

ಅಯ್ಯೋ, ಸಾಹೇಬರು.

ಬನ್ನಿ ಸರ್. ಯಾರ ಟೆಸ್ಟು ಅಂತನಾ? ಅದು... ಇವಳು... ಇವಳು ಏನೂ ಮಾಡಿಲ್ಲ ಸರ್. ಟೆಸ್ಟು ನಂದು. ಬಿಟ್ಟುಹೋದ ಫೋಲ್ಡರ್ ದಿನಾ ಬೆಳಿಗ್ಗೆ ನಾನೇ ಬಂದು ಅಳಿಸ್ತಿದ್ದೆ, ಎರಡು ದಿನ ಬರೋಕಾಗಲಿಲ್ಲ. ಗುಡಿಸೋ ಸಾಲು ಎಲ್ಲಿ ಬರೀಬೇಕು ಅಂತ ಇವಳೇ ತೋರಿಸ್ತಾಳೆ, ಬರೆಯೋಳು ನಾನೇ.

ಏಯ್, ಹಲ್ಲು ಕಿರೀಬೇಡ! ಮನೇಲಿ ತಟ್ಟೆ ಮಾತ್ರ ನೀನೇ ತೊಳೀಬೇಕು!