ಹೂ ಕೇಳಿದ ದಿನ

ಏಳ್ಬ್ಯಾಡ, ಏಳ್ಬ್ಯಾಡ... ಕೂತ್ಕೋ ಪೂಜಾರಿ ಮೂಡಲಗಿರಿಯಪ್ಪ. ಮಾತಾಡಕ್ಕೆ ಹೋಗ್ಬ್ಯಾಡ, ಕತ್ತಿನ ತೂತಿಂದ ಬರೀ ಗಾಳಿ ಬತ್ತದೆ. ಗೊತ್ತು. ಧ್ವನಿಪೆಟ್ಟಿಗೆ ಕಿತ್ತಾಕವ್ರೆ ಅಂತ ಕಳ್ಳಂಬೆಳ್ಳಕ್ಕೆಲ್ಲ ಗೊತ್ತು.

ಇತ್ಲಾಗೆ ತಿರುಗು, ನೋಡಾನ. ಎದೆ ಮಾಂಸ ಮೇಲಕ್ಕೆ ತಿರುವಿ ಕತ್ತಿಗೆ ಹೊಲಿದವ್ರೆ, ಅಲ್ವಾ? ಅಬ್ಬಾ... ಎದೆ ಕೂದ್ಲು ಕತ್ನಾಗೆ ಬೆಳೀತಾವಲ್ಲೋ!

ಯಾಕೆ ನಗ್ತೀಯಾ? ನಗು, ನಗು. ಅರವತ್ತೆಂಟಕ್ಕೆ ಕತ್ತು ಕುಯ್ಸ್ಕಂಡು ಬದುಕ್ಬುಟ್ಟೆ. ನಗ್ದೆ ಇನ್ನೇನು.

ನನ್ನ ಹೆಂಡ್ರು ಈರಕ್ಕಂಗೂ ಇದೇ ಕಾಯ್ಲೆ. ಎಂಬತ್ತನೇ ಇಸ್ವಿ. ನೀನು ಹೋಗಿದ್ದ ಬೆಂಗಳೂರೇ, ಇದೇ ಆಪ್ರೇಸನ್ನೇ ಅಂದ್ರು ಡಾಕ್ಟ್ರು. ಗುಡೀಗೆ ಬಂದು ಹೂ ಕೇಳ್ದೆ. ಸ್ವಾಮಿಯ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸ್ದೋನು ನೀನೇ. ಬಲಗಡೇದು ಬಿದ್ರೆ ಕುಯ್ಸು. ಎಡಗಡೇದು ಬಿದ್ರೆ ಬ್ಯಾಡ.

ಎಡಕ್ಕೆ ಬಿತ್ತು! ಮನೇಲಿ ಹೇಳ್ದೆ. 'ದೇವ್ರೇ ಬ್ಯಾಡ ಅಂದ್ಮೇಲೆ ಬ್ಯಾಡ ಕಣಯ್ಯಾ' ಅಂದ್ಲು. ಐದು ತಿಂಗ್ಳು. ಕೊನೆಗೆ ಗುಟುಕು ನೀರೂ ಇಳೀನಿಲ್ಲ...

ಅವ್ಳಿಗೆ ಎಡ. ನಿಂಗೆ ಬಂದಾಗ? ಹೂ ಕೇಳಿದ್ಯಾ? ನೆಟ್ಟಗೆ ಹೋಗಿ ಬಸ್ ಹತ್ತಿದೆ!

ನೋಡು, ನಿನ್ನ ಮನೆ ಬಾಗ್ಲಾಗೆ ಬೈರಪ್ಪ ನಿಂತವ್ನೆ. ಅವ್ಳ ತಮ್ಮ. ಅಕ್ಕ ಹೋಗಿ ಮೂರು ವರ್ಷಾತು, ಇವತ್ಗೂ ಅವ್ನ ಸಿಟ್ಟು ಆರಿಲ್ಲ. ನಾನೇ ಕರ್ಕಂಡ್ ಬಂದೆ. ಬಾಯಿ ಬ್ಯಾಡ ನಿಂಗೆ. ತಲೆ ಆಡ್ಸು ಸಾಕು. ಎಡಗಡೆ ಹೂವೇ ಬೀಳಂಗೆ ಸಡಿಲ ಅಂಟಿಸ್ದೆ ಅಂತ ಒಪ್ಕೋ. ಪೂಜೆ ಬುಟ್ಟು ಗುಡಿ ಬೀಗದ ಕೈ ಅವ್ನಿಗೆ ಕೊಡು. ಆಮ್ಯಾಕೆ ನೀನುಂಟು, ಅವನುಂಟು.

ಆಡ್ಸು ಅಂದೆ!

...ಆಡ್ಸಲ್ವಾ? ಯಾಕಂಗೆ ನನ್ನೇ ನೋಡ್ತೀಯಾ? ಕೈ ಯಾಕೆ ಎತ್ತಿದೆ? ಬಲ ಭುಜ ಯಾಕೆ ಮುಟ್ಕಂತೀಯಾ? ಇಳಿಸು. ಮೂಡಲಗಿರಿಯಪ್ಪಾ, ಕೈ ಇಳಿಸು... ಬೈರ ನೋಡ್ತವ್ನೆ.

ಅವತ್ತು ಗುಡೀನಾಗೆ ನಾವಿಬ್ರೇ ಇದ್ವಿ. ಹೂ ಸಡಿಲ ಅಂಟಿಸ್ದ ಅಂತ ಊರೆಲ್ಲ ನಿನ್ನ ಉಗೀತು. ಆಗ ನಿನ್ ಗಂಟ್ಲು ನೆಟ್ಟಗಿತ್ತು. ಒಬ್ರಿಗೂ ಹೇಳ್ನಿಲ್ಲ ನೀನು. ಈಗ್ಯಾಕಪ್ಪಾ...

ಹ್ಞೂ. ಬಲಕ್ಕೇ ಬಿದ್ದದ್ದು.

ಕುಯ್ದ ಮ್ಯಾಲೆ ಮಾತಿರಲ್ಲ ಅಂದ್ರು ಡಾಕ್ಟ್ರು. ನಲ್ವತ್ತು ವರ್ಷ ಹಟ್ಟಿ ಬಾಗ್ಲಾಗೆ ನಿಂತು ನನ್ನ ಉಣ್ಣಕ್ಕೆ ಕೂಗ್ದೋಳು. ಆ ಕೂಗಿಲ್ದೆ ಹೆಂಗೆ ಅಂತ... ಅಷ್ಟೇ ಕಣೋ. ಅಷ್ಟೇಯಾ.

ಬೈರಾ... ಬಾಗ್ಲು ಯಾಕ್ಲಾ ಹಾಕ್ತೀಯಾ?