ಒಂದು ಗೇಣು ಪೈಪು

ಎರಡು ಸಾವಿರದ ಇಪ್ಪತ್ತಮೂರನೆಯ ಇಸವಿ, ಫೆಬ್ರುವರಿ ಇಪ್ಪತ್ತೊಂದು, ಮಂಗಳವಾರ, ರಾತ್ರಿ ಹತ್ತೂಕಾಲು ಗಂಟೆ. ಅಮಾವಾಸ್ಯೆ ಹಿಂದಿನ ದಿನವೇ ಮುಗಿದಿತ್ತು. ಕತೆಗೆ ರುಚಿ ಬರಲೆಂದು ಅದನ್ನು ಒಂದು ದಿನ ಮುಂದಕ್ಕೆ ಎಳೆಯಬೇಕಾಗಿಲ್ಲ.

ಸಂಡೂರಿನ ಕಲ್ಯಾಣ ಮಂಟಪವೊಂದರಲ್ಲಿ ಪಾತ್ರೆ ತೊಳೆದು ಹಿಂದಿರುಗುತ್ತಿದ್ದ ದುರ್ಗಕ್ಕನನ್ನು ಕೊನೆಯ ಬಸ್ಸು ಗುಡ್ಡದ ಬುಡದ ಕ್ರಾಸಿನಲ್ಲಿ ಇಳಿಸಿತು. ಅಲ್ಲಿಂದ ಪಾಪಿನಾಯಕನಹಳ್ಳಿಯ ಅವಳ ಮನೆಗೆ ಒಂದೂವರೆ ಮೈಲಿ. ನಡುದಾರಿಯಲ್ಲಿ ಆಲದ ಮರ, ಮರದ ಕೆಳಗೆ ಬಾವಿ. ಊರಿಗೆ ನಲ್ಲಿ ನೀರು ಬಂದ ಮೇಲೆ ಆ ಬಾವಿಯ ಹಗ್ಗವನ್ನೂ ಕೊಡವನ್ನೂ ಯಾರೋ ಒಯ್ದರು. ರಾಟೆ ಮಾತ್ರ ಉಳಿಯಿತು. ಗಾಳಿ ಬೀಸಿದರೆ ಅದು ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಕಿರ್ರ್... ಆಮೇಲೆ ಏನೂ ಇಲ್ಲ.

ಆ ಜಾಗ ಬಂದಾಗ ಉಳಿದವರು ಹೆಜ್ಜೆ ಬಿರುಸು ಮಾಡುತ್ತಾರೆ. ದುರ್ಗಕ್ಕ ಮಾಡುವವಳಲ್ಲ. ದೆವ್ವ, ಗಾಳಿ, ಮಾಟ, ಇವೆಲ್ಲವನ್ನೂ ಅವಳು ಗಂಡ ಪಕೀರಪ್ಪನ ಜೊತೆಯಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡ ದಿನವೇ ಬಿಟ್ಟಿದ್ದಳು. ಪಕೀರಪ್ಪ ಅದೇ ದಿನ ಹೆಂಡ ಬಿಟ್ಟ. ಹನ್ನೊಂದು ವರ್ಷ ಒಂದು ತೊಟ್ಟು ಮುಟ್ಟಲಿಲ್ಲ. ಮದುವೆಮನೆಯಲ್ಲಿ ಪಾನಕ ಕೊಟ್ಟರೂ ಮೂಸಿ ನೋಡಿ ಕುಡಿಯುತ್ತಿದ್ದ. ಊರು ನಗುತ್ತಿತ್ತು.

ಅಂಥವನು ಕುಡಿದು ಸತ್ತನೆಂದು ಅದೇ ಊರು ನಂಬಿತು.

ಹಿಂದಿನ ಆಗಸ್ಟ್ ತಿಂಗಳಲ್ಲಿ, ಗುಡ್ಡದ ಮೇಲಿನ ಕಲ್ಲಿನ ಯಾರ್ಡಿನಿಂದ, ಬೆಳಕು ಹರಿದ ಮೇಲೆ ಅವನ ಹೆಣ ಬಂದಿತ್ತು. ಯಾರ್ಡಿನ ಧಣಿ ಅಂಗಳದಲ್ಲಿ ನಿಂತು ಹೇಳಿದ: ಕಂಠಪೂರ್ತಿ ಕುಡಿದಿದ್ದ, ಮನೆಗೆ ಬಿಟ್ಟು ಬರಲು ಜೀಪು ಕೊಟ್ಟೆ, ದಾರಿಯಲ್ಲಿ ನಿದ್ದೆಯಲ್ಲೇ ಹೋದ. ಜೀಪಿನ ಡ್ರೈವರ್ ವೀರೇಶ್ ಪಕ್ಕದಲ್ಲಿ ನಿಂತು ತಲೆಯಾಡಿಸಿದ. ಹೆಣಕ್ಕೆ ನೀರು ಹಾಕುವಾಗ ದುರ್ಗಕ್ಕ ಎಡಗಾಲಿನ ಹಿಮ್ಮಡಿಯ ಮೇಲೆ ಎರಡು ಚುಕ್ಕೆ ಕಂಡಳು. ತೋರಿಸಿದಳು. ಇರುವೆ ಎಂದರು. ಹದಿನೈದು ದಿನಗಳಲ್ಲಿ ಆ ಜೀಪು ವೀರೇಶನ ಹೆಸರಿಗೆ ಆಯಿತು.

ಅಂದಿನಿಂದ ಅವಳಿಗೆ ಬೇಕಾದದ್ದು ಒಂದೇ. ಕುಡಿದಿರಲಿಲ್ಲ ಎಂಬ ಮಾತು ವೀರೇಶನ ಬಾಯಿಂದ, ನಾಲ್ಕು ಜನರ ಎದುರಿಗೆ ಬರಬೇಕು. ಆರು ತಿಂಗಳು ಅವನು ಅವಳನ್ನು ಕಂಡರೆ ಓಣಿ ಬದಲಿಸುತ್ತಿದ್ದ.

ಆ ರಾತ್ರಿ ಅವನೇ ಬಂದ.

ಆಲದ ಮರ ಇನ್ನೂ ಒಂದು ಫರ್ಲಾಂಗು ಇದ್ದಾಗ ಬೆನ್ನ ಹಿಂದೆ ಡೀಸೆಲ್ ಎಂಜಿನ್ನಿನ ಸದ್ದು ಕೇಳಿಸಿತು. ಗಡಗಡ... ಗಡಗಡ... ಜೀಪು ಪಕ್ಕಕ್ಕೆ ಬಂದು ನಿಂತಿತು.

"ಅಕ್ಕಾ... ಹತ್ತ್ರಿ."

"ನಿನ್ನ ಜೀಪಿಗೆ ನನ್ನ ಕಾಲು ತಾಗಂಗಿಲ್ಲ."

ಹಿಂದಿನ ಸೀಟಿನಿಂದ ಕಂಪ್ಲಿಯ ತರಕಾರಿ ಮಾರುವ ಹೊನ್ನೂರಮ್ಮ ತಲೆ ಹೊರಗೆ ಹಾಕಿದಳು. "ಯವ್ವಾ, ಹತ್ತು. ನನ್ನ ಬದನೀಕಾಯಿ ಬಾಡಾಕತ್ತಾವು. ಬೈಯೋದಿದ್ರ ಒಳಗ ಕುಂತು ಬೈ. ಕುತ್ತಿಗಿ ಹತ್ರನ ಸಿಗ್ತೈತಿ."

ಅವಳ ಪಕ್ಕದಲ್ಲಿ ಹೊಸಪೇಟೆಯ ಮೆಕ್ಯಾನಿಕ್ ಉಚ್ಚೆಂಗೆಪ್ಪ, ತೊಡೆಯ ಮೇಲೆ ಹತಾರದ ಚೀಲ ಇಟ್ಟುಕೊಂಡು ಕುಳಿತಿದ್ದ. ಮುಂದಿನ ಎಡಸೀಟು ಖಾಲಿ ಇತ್ತು.

"ಮುಂದ ಯಾಕ ಯಾರೂ ಕುಂತಿಲ್ಲ?" ದುರ್ಗಕ್ಕ ಕೇಳಿದಳು.

ವೀರೇಶ್ ತಿರುಗಿ ನೋಡಲಿಲ್ಲ. "ಹಸಿ ಐತ್ರಿ."

ಹೊನ್ನೂರಮ್ಮನ ಮಾತಿನಲ್ಲಿ ನ್ಯಾಯವಿತ್ತು. ಕುತ್ತಿಗೆ ಹತ್ತಿರ ಸಿಗುತ್ತದೆ. ದುರ್ಗಕ್ಕ ಹಿಂದೆ ಹತ್ತಿ ಅವನ ಬೆನ್ನಿಗೇ ಕುಳಿತಳು. ಜೀಪು ನಿಧಾನವಾಗಿ ಹೊರಟಿತು.

"ಈ ಉಚ್ಚೆಂಗೆಪ್ಪನ್ನ ಯಾಕ ತಂದಿ?"

ಉತ್ತರ ಕೊಟ್ಟವನು ಮೆಕ್ಯಾನಿಕ್ಕೇ. "ಗಾಜು ಮಂಜು ಹಿಡೀತೈತಂತ್ರಿ. ರಾತ್ರಿ, ಇದ ದಾರ್ಯಾಗ. ಹೀಟರ್ ಸೋರತೈತಿ ಅಂತಾನ. ಹೀಟರ್ ಎಲ್ಲೈತಿ ಸೋರಾಕ..."

"ಹೀಟರಾ?" ಎಂದಳು ಹೊನ್ನೂರಮ್ಮ. "ಬಳ್ಳಾರಿ ಸೀಮ್ಯಾಗ? ಮ್ಯಾಲಿನ ಸೂರ್ಯ ಸಾಲಂಗಿಲ್ಲೇನು?"

"ಉತ್ತರದ ಚಳಿ ಸೀಮಿ ಹರಾಜಿನಾಗ ಕೊಂಡ ಗಾಡಿಬೇ ಇದು. ಡ್ಯಾಶ್‌ಬೋರ್ಡಿನ ಬುಡಕ ಒಂದು ಸಣ್ಣ ರೇಡಿಯೇಟರ್ ಇರ್ತೈತಿ. ಎಂಜಿನ್ ಬಿಸಿನೀರು ಅದರಾಗ ಹಾದು ಹೋಗ್ತೈತಿ. ಅದು ತೂತು ಬಿತ್ತಂದ್ರ ನೀರು ಹೊರಗ ಬೀಳಂಗಿಲ್ಲ, ಒಳಗ ಸೋರತೈತಿ. ಕಾಲಿಗೆ ಹಸಿ, ಗಾಜಿಗೆ ಮಂಜು. ಅಲ್ಲಿ ಎಂಜಿನ್ ಒಣಗಿ ಕುದೀತೈತಿ. ಎಷ್ಟೋ ಮಂದಿ ಹೊರಗ ಹುಡುಕಿ ಹುಡುಕಿ ಸುಸ್ತಾಗ್ತಾರ."

"ಅದನ್ನ ರಿಪೇರಿ ಮಾಡೋದು ಹೆಂಗ?" ದುರ್ಗಕ್ಕನ ದನಿ ತಣ್ಣಗಿತ್ತು.

"ನಮ್ಮ ಕಡೆ ಹೀಟರ್ ಯಾರಿಗೆ ಬೇಕ್ರಿ? ಬಂದ ಪೈಪು, ಹೋದ ಪೈಪು ಎರಡೂ ಕಿತ್ತು, ನಡುವ ಇಂಥದೊಂದು ಜೋಡಿಸಿ ಕ್ಲಿಪ್ ಬಿಗಿಯೋದು. ಹತ್ತು ನಿಮಿಷ." ಅವನು ಚೀಲದಿಂದ ಕರಿಯ ರಬ್ಬರ್ ಪೈಪಿನ ಒಂದು ತುಂಡು ತೆಗೆದು ಅವಳ ಕೈಗೆ ಕೊಟ್ಟ. "ಜುಲೈದಾಗ ಹೇಳಿದ್ದೆ. ಧಣಿ ಒಪ್ಪಲಿಲ್ಲಂತ. ನೀರು ಹಾಕ್ಕೋತ ಓಡಿಸು ಅಂದನಂತ. ಸೆಪ್ಟೆಂಬರ್‌ದಾಗ ಇವನ ಹೆಸರಿಗೆ ಆದ ಮ್ಯಾಲೆ ಬಂದು ಮಾಡಿಸಿದ."

ದುರ್ಗಕ್ಕ ಕತ್ತಲಲ್ಲಿ ಆ ತುಂಡಿನ ಮೇಲೆ ಕೈ ಹರಡಿ ನೋಡಿದಳು. ಹೆಬ್ಬೆರಳು ಒಂದು ತುದಿಗೆ, ಕಿರುಬೆರಳು ಇನ್ನೊಂದು ತುದಿಗೆ. ಸರಿಯಾಗಿ ಒಂದು ಗೇಣು.

"ಜುಲೈ," ಎಂದಳು. "ಸೆಪ್ಟೆಂಬರ್... ನಡುವ ಆಗಸ್ಟ್ ಬಂತಲ್ಲಪಾ ವೀರೇಶಿ."

ಹೆಡ್‌ಲೈಟಿನ ಬೆಳಕು ಆಲದ ಬಿಳಲುಗಳ ಮೇಲೆ ಬಿದ್ದಿತ್ತು.

ಮೊದಲು ಬಂದದ್ದು ವಾಸನೆ. ಬೆಲ್ಲದ ಪಾಕ ಸೀದಂಥ ಸಿಹಿ ವಾಸನೆ. ಹೊನ್ನೂರಮ್ಮ ಬುಟ್ಟಿಯನ್ನು ಮೂಸಿದಳು. ಬುಟ್ಟಿಯದಲ್ಲ. ಆಮೇಲೆ ಎದುರಿನ ಗಾಜು ಮಾಸಿತು. ಕೆಳಗಿನ ಅಂಚಿನಿಂದ ಮೇಲಕ್ಕೆ, ಹಾಲು ಏರಿದಂತೆ, ಬೆಳ್ಳಗೆ. ಸೆಕೆಯ ರಾತ್ರಿ ಅದು. ನಾಲ್ವರ ಹಣೆಯಲ್ಲೂ ಬೆವರಿತ್ತು. ದಾರಿ ಕಾಣದಾಯಿತು. ಬಾವಿಗೆ ಹತ್ತು ಮಾರು ಇರುವಾಗ ವೀರೇಶ್ ಬ್ರೇಕ್ ಒತ್ತಿದ. ಎಂಜಿನ್ ತಾನಾಗಿ ನಿಂತಿತು.

ಚಿಟ್...

ಎಡಸೀಟಿನ ಮುಂದೆ, ಕಾಲಿಡುವ ರಬ್ಬರ್ ಚಾಪೆಯ ಮೇಲೆ.

ಚಿಟ್... ಚಿಟ್...

ಉಚ್ಚೆಂಗೆಪ್ಪ ಎರಡು ಸೀಟುಗಳ ನಡುವೆ ತೂರಿ ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಹಿಡಿದ. ಕೈ ಹಾಕಿ ಒಳಗೆಲ್ಲ ತಡಕಿದ. ಕೈ ಹೊರಗೆ ತೆಗೆದು ಬೆರಳು ನೋಡಿಕೊಂಡ. ಒಣ ಧೂಳು.

"ಇಲ್ಲಿ ಏನೂ ಇಲ್ಲಲೇ..." ಪಿಸುಗುಟ್ಟಿದ. "ಹೀಟರ್ ಪೂರಾ ಕಿತ್ತು ನನ್ನ ಅಂಗಡ್ಯಾಗ ಒಗದೀನಿ. ಬರೇ ಪೊಳ್ಳು ಡಬ್ಬಿ."

ಚಿಟ್... ಚಿಟ್... ಚಾಪೆ ಹೊಳೆಯುತ್ತಿತ್ತು.

"ಸುಮ್ಕಿರ್ರಿ," ಎಂದ ವೀರೇಶ್. "ಈಗ ಒರಸ್ತಾನ."

ಕೀಂ... ಕೀಂ... ಕೀಂಽ...

ಒದ್ದೆ ಗಾಜಿನ ಮೇಲೆ ಬರಿಯ ಅಂಗೈ ಎಳೆದ ಸದ್ದು. ಗಾಜಿನ ಎಡತುದಿಯಲ್ಲಿ ಮಂಜು ಕರಗಿತು. ಅಂಗೈಯಷ್ಟು ಅಗಲದ ಪಟ್ಟಿ. ಅದು ಎಡದಿಂದ ಬಲಕ್ಕೆ, ಅವಸರವಿಲ್ಲದೆ, ಡ್ರೈವರನ ಕಣ್ಣಿನ ಮಟ್ಟಕ್ಕೆ ಬಂದು ನಿಂತಿತು. ಒರೆಸಿದ ಜಾಗದಲ್ಲಿ ದಾರಿ ಕಂಡಿತು. ಕೆಮ್ಮಣ್ಣು, ಆಲದ ಬುಡ, ಬಾವಿಯ ಕಟ್ಟೆ.

ಆಮೇಲೆ ಡ್ಯಾಶ್‌ಬೋರ್ಡಿನ ತಗಡಿನ ಮೇಲೆ:

ಟಕ್ ಟಕ್.

ಹೊನ್ನೂರಮ್ಮ ದುರ್ಗಕ್ಕನ ಮೊಣಕೈ ಹಿಡಿದಳು. ಅವಳ ಬಾಯಲ್ಲಿ ಈಗ ಹಾಸ್ಯವಿರಲಿಲ್ಲ.

"ಯಾರದು?" ದುರ್ಗಕ್ಕ ಕೇಳಿದಳು.

"ಅವನ ಅಕ್ಕಾ... ಪಕೀರಣ್ಣ. ಬಿಡು ಅಂತ ನೀವರ ಹೇಳ್ರಿ ಅವಗ. ನಿಮ್ಮ ಮಾತು ಕೇಳ್ತಾನ."

ದುರ್ಗಕ್ಕ ದನಿ ಏರಿಸಲಿಲ್ಲ. ಅವಳ ಸಿಟ್ಟು ದನಿ ಏರಿಸುವ ಹಂತವನ್ನು ಎಂದೋ ದಾಟಿತ್ತು.

"ಸತ್ತವನ್ನ ಮೊದಲು ಕುಡುಕನ್ನ ಮಾಡಿದ್ರಿ. ಈಗ ದೆವ್ವ ಮಾಡಾಕತ್ತೀರೇನು? ನನ್ನ ಗಂಡ ಯಾರ ಗಾಡ್ಯಾಗೂ ಮೆಟ್ಟಿಕೊಂಡು ಕುಂದರೋನಲ್ಲ. ಆ ರಾತ್ರಿ ಏನಾತು ಅದನ್ನ ಹೇಳು."

"ಅಕ್ಕಾ..."

"ಹೇಳು."

ವೀರೇಶ್ ಸ್ಟೇರಿಂಗಿಗೆ ಹಣೆ ಇಟ್ಟು ಹೇಳಿದ. ಯಾರ್ಡಿನ ಶೆಡ್ಡಿನಲ್ಲಿ ನೆಲದ ಮೇಲೆ ಮಲಗಿದ್ದಾಗ ಕಟ್ಟುಹಾವು ಕಚ್ಚಿತು. ಉರಿ ಇಲ್ಲ, ಬಾವು ಇಲ್ಲ. ಆಸ್ಪತ್ರೆಗೆ ಹೋಗಲೆಂದು ಪಕೀರಪ್ಪ ತಾನೇ ನಡೆದು ಬಂದು ಮುಂದಿನ ಸೀಟಿನಲ್ಲಿ ಕುಳಿತ. ಗುಡ್ಡ ಇಳಿಯುವಾಗ ಗಾಜು ಮಂಜು ಹಿಡಿಯಿತು.

"ನಾ ಒಂದು ಕೈಲೆ ಒರಸಾಕತ್ತಿದ್ದೆ. ನೀ ದಾರಿ ನೋಡು ತಮ್ಮಾ, ನಾ ಒರಸ್ತೀನಿ ಅಂದ. ಗುಡ್ಡ ಇಳಿಯೂತನಕ ಒರಸ್ಕೋತ ಬಂದ. ವಿಷ ಏರಾಕತ್ತಿತ್ತು, ಒರಸ್ಕೋತನ ಬಂದ..."

ಇಲ್ಲಿಗೆ ಬರುವಷ್ಟರಲ್ಲಿ ಎಂಜಿನ್ ಕುದಿದು ನಿಂತಿತು. ಕ್ಯಾನಿನಲ್ಲಿ ನೀರು ಇರಲಿಲ್ಲ. ಬಾವಿಗೆ ಹಗ್ಗ ಇರಲಿಲ್ಲ. ವೀರೇಶ್ ಬೆಲ್ಟಿಗೆ ಹೆಗಲ ಮೇಲಿನ ವಲ್ಲಿ ಗಂಟು ಹಾಕಿ ಕ್ಯಾನು ಇಳಿಬಿಟ್ಟ. ಮುಟ್ಟಲಿಲ್ಲ. ಟಾರ್ಚ್ ಹಿಡಿದರೆ ನೀರು ಕೆಳಗೆ ಹೊಳೆಯುತ್ತಿತ್ತು.

"ಧಣಿಗೆ ಫೋನ್ ಹಚ್ಚಿದೆ. ಪಕೀರಣ್ಣನ ಮಾತು ತೊದಲಾಕತ್ತಿತ್ತು, ಕಣ್ಣಿನ ರೆಪ್ಪಿ ಮುಚ್ಚಾಕತ್ತಿದ್ವು. ಧಣಿ ಆ ದನಿ ಕೇಳಿ, ಕುಡದಾನ ಬಿಡಲೇ ಅಂದ. ನೂರಾಎಂಟಕ್ಕ ಫೋನ್ ಹಚ್ಚಬ್ಯಾಡ, ರಾತ್ರಿ ಕೆಲಸ ಹೊರಗ ಬೀಳ್ತೈತಿ, ಬ್ಯಾರೆ ಗಾಡಿ ಕಳಿಸ್ತೀನಿ ಅಂದ."

"ನೀ ನೂರಾಎಂಟಕ್ಕ ಹಚ್ಚಿದ್ಯೋ?"

"...ಇಲ್ಲ."

"ಗಾಡಿ ಯಾವಾಗ ಬಂತು?"

"ಬೆಳಕ ಹರೀವಾಗ."

ದುರ್ಗಕ್ಕ ಬಾವಿಯ ಕಡೆ ನೋಡಿದಳು. ಆರು ತಿಂಗಳು ಅವಳು ಇದೇ ಕಟ್ಟೆಯ ಮುಂದೆ ಹಾದು ಮನೆಗೆ ಹೋಗಿದ್ದಳು. ಒಮ್ಮೆ ಚಪ್ಪಲಿಯಲ್ಲಿ ಸೇರಿದ ಕಲ್ಲು ತೆಗೆಯಲು ಅದರ ಮೇಲೆ ಕುಳಿತೂ ಇದ್ದಳು. ಯಾರೂ ಹೇಳಿರಲಿಲ್ಲ.

"ಆ ಬಡಿಯೋದು ಏನು?"

ವೀರೇಶ್ ಅದನ್ನೂ ಹೇಳಿದ. ಪಕೀರಪ್ಪ ಯಾರ್ಡಿನಲ್ಲಿ ಟಿಪ್ಪರ್ ತುಂಬಿಸುವ ಆಳು. ಲಾರಿಯ ಮೈಗೆ ಎರಡು ಸಲ ಬಡಿದರೆ ಹೊರಡು ಎಂದರ್ಥ. ಒಂದು ಸಲ ಬಡಿದರೆ ನಿಲ್ಲು. ಮಾತು ಹೋದ ಮೇಲೆ ಅವನು ಕೈಯಿಂದ ಬಡಿದ. ಎರಡು. ಎರಡು. ಮತ್ತೆ ಎರಡು. ಹೊರಡು, ಹೊರಡು. ಕೈ ಸೋಲುವವರೆಗೆ.

ಚಿಟ್... ಎಂದಿತು ಚಾಪೆ.

ದುರ್ಗಕ್ಕ ಜೀಪಿನಿಂದ ಇಳಿದಳು. ಉಚ್ಚೆಂಗೆಪ್ಪನ ಬಿಲ್ ಪುಸ್ತಕದಿಂದ ಒಂದು ಹಾಳೆ ಹರಿದುಕೊಂಡು ಬಿಸಿ ಬಾನೆಟ್ಟಿನ ಮೇಲೆ ಇಟ್ಟಳು. ಟಾರ್ಚನ್ನು ತಾನೇ ಹಿಡಿದಳು.

"ಬರಿ. ಕುಡಿದಿರಲಿಲ್ಲ ಅನ್ನೋದು ಮೊದಲು ಬರಿ. ಉಳಿದದ್ದು ಆಮ್ಯಾಲೆ."

"ಧಣಿ ನನ್ನ ಬಿಡಂಗಿಲ್ಲಕ್ಕಾ."

"ನಾನೂ ಬಿಡಂಗಿಲ್ಲ. ಯಾರ ಕೈಗೆ ಸಿಗ್ತಿ ನೋಡ್ಕೊ."

"ಬರಿಯಪಾ," ಎಂದಳು ಹೊನ್ನೂರಮ್ಮ ಸಣ್ಣ ದನಿಯಲ್ಲಿ. "ಅಕ್ಷರ ಬಂದಾವಲ್ಲ ನಿನಗ. ಇನ್ನ್ಯಾತಕ್ಕ ಕಲ್ತಿದ್ದಿ?"

ವೀರೇಶ್ ಬರೆದ. ಹಾವು, ಗಾಜು, ಒಣಗಿದ ಕ್ಯಾನು, ಮಾಡದ ಫೋನು. ಎಲ್ಲವನ್ನೂ ದಿನಾಂಕ ಹಾಕಿ ಬರೆದ. ದುರ್ಗಕ್ಕ ಎರಡು ಸಲ ಓದಿಸಿ ಕೇಳಿದಳು. ಒಂದು ಕಡೆ "ತಡವಾಯಿತು" ಎಂದಿತ್ತು. ಅದನ್ನು ಹೊಡೆಸಿ "ಸಾಯಲು ಬಿಟ್ಟೆವು" ಎಂದು ಬರೆಸಿದಳು. ಉಚ್ಚೆಂಗೆಪ್ಪ ಸಹಿ ಹಾಕಿದ. ಹೊನ್ನೂರಮ್ಮನಿಗೆ ಸಹಿ ಬಾರದು. ಎಂಜಿನ್ನಿನ ಆಯಿಲ್ ಅಳೆಯುವ ಕಡ್ಡಿಯಲ್ಲಿದ್ದ ಕರಿ ಜಿಡ್ಡನ್ನು ಹೆಬ್ಬೆಟ್ಟಿಗೆ ಹಚ್ಚಿ ಒತ್ತಿದಳು.

ಹಾಳೆಯನ್ನು ಮಡಚಿ ದುರ್ಗಕ್ಕ ಕುಪ್ಪಸದೊಳಗೆ ಇಟ್ಟುಕೊಂಡಳು. ಜೀಪು ಮೊದಲ ಸಲಕ್ಕೇ ಹೊರಟಿತು. ಗಾಜು ಶುಭ್ರವಾಗಿತ್ತು. ಅವಳ ಕೈಯಲ್ಲಿ ಆ ಪೈಪಿನ ತುಂಡು ಇನ್ನೂ ಇತ್ತು. ಉಚ್ಚೆಂಗೆಪ್ಪ ಕೇಳಲಿಲ್ಲ, ಅವಳು ಕೊಡಲಿಲ್ಲ.

ಊರಿನ ಬೀದಿದೀಪಗಳು ಆರಿದ್ದವು. ವೀರೇಶನಿಗೆ ದಾರಿಯ ಮೇಲೆ ಗಮನವಿರಲಿಲ್ಲ. ದುರ್ಗಕ್ಕನ ಮನೆಯ ಮುಂದೆ ವೇಗ ತಗ್ಗಿಸದೆ ಹಾದುಹೋಗುವವನಿದ್ದ. ಅವಳು ಇನ್ನೂ ಬಾಯಿ ತೆರೆದಿರಲಿಲ್ಲ. ಆಗ ಖಾಲಿ ಸೀಟಿನ ಎದುರು, ತಗಡಿನ ಮೇಲೆ:

ಟಕ್.

ಒಂದೇ ಸಲ.

ಜೀಪು ಅವಳ ಹೊಸ್ತಿಲಿಗೆ ಸರಿಯಾಗಿ ನಿಂತಿತು.

ದುರ್ಗಕ್ಕ ಇಳಿದಳು. ಖಾಲಿ ಸೀಟಿನ ಕಡೆಗೆ ನೋಡಲಿಲ್ಲ. "ನಾಳೆ ಎಂಟಕ್ಕ ಬಾ," ಎಂದಳು ವೀರೇಶನಿಗೆ. "ಸ್ಟೇಷನ್ನಿಗೆ ಹೋಗೋದೈತಿ. ಬರಲಿಲ್ಲಂದ್ರ ನಾನ ಬರ್ತೀನಿ." ಅವಳ ಸಿಟ್ಟು ಆ ಹೊತ್ತಿಗೂ ಇಳಿದಿರಲಿಲ್ಲ. ಇಂದಿಗೂ ಇಳಿದಿಲ್ಲ.

ದೆವ್ವವನ್ನು ಅವಳು ಇಂದಿಗೂ ನಂಬುವುದಿಲ್ಲ. ಕೇಳಿದವರಿಗೆ ಹಾಗೆಯೇ ಹೇಳುತ್ತಾಳೆ. ಆದರೆ ಸದ್ದು ಆದದ್ದು ನಿಜ, ಒಂದೇ ಸಲ ಆದದ್ದೂ ನಿಜ. ನಂಬದವರು ಹೋಗಿ ಆ ಹಾಳೆಯ ಕೊನೆಯ ಸಾಲು ಓದಬಹುದು. ಅದನ್ನು ದುರ್ಗಕ್ಕ ಇಳಿಯುವ ಮೊದಲೇ, ಹೊಸ್ತಿಲ ಮುಂದೆ ನಿಂತ ಜೀಪಿನಲ್ಲಿ ಸೇರಿಸಿದ್ದು: ಈ ಸದ್ದನ್ನು ನಾವೆಲ್ಲರೂ ಕೇಳಿದೆವು, ಆಗ ಇದ್ದವರು, ವೀರೇಶ್, ಮೆಕ್ಯಾನಿಕ್ ಉಚ್ಚೆಂಗೆಪ್ಪ, ಕಂಪ್ಲಿ ಹೊನ್ನೂರಮ್ಮ, ದುರ್ಗಕ್ಕ ಗಂಡ ಪಕೀರಪ್ಪ.